ಹಗೇವಿನಿಂದ ಡ್ರಮ್ಮಿನವರೆಗೆ: ರಸಮೇವು ನಡೆದು ಬಂದ ದಾರಿ

(ಎಸ್.ಎಸ್.ಎಲ್.ಸಿ. 2005ನೇ ಸಾಲಿನ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಮೇಲೆ ಒಂದು ಲೇಖನ ಬರೆದುಕೊಡು ಎಂದು ಸಂಪಾದಕ ಮಂಡಳಿಯ ಗುರುಗಳು ಫೋನಿನಲ್ಲಿ ಹೇಳಿದರು. ಶಾಸನ, ಪಾಳೆಯಗಾರರು, ದೇವಸ್ಥಾನ, ಕೆರೆಗಳ ಬಗ್ಗೆ ಬರೆಯಲು ನನಗಿಂತ ಬಲ್ಲವರು ಈ ಶಾಲೆಯಲ್ಲಿ ಓದಿದವರಲ್ಲೇ ಬಹಳ ಮಂದಿ ಇದ್ದಾರೆ. ಹಾಗಾಗಿ ಯಾರೂ ಬರೆಯಲಾರರು ಎಂಬ ಧೈರ್ಯದ ಮೇಲೆ ನಾನು ದನದ ಮೇವಿನ ಇತಿಹಾಸವನ್ನು ಆರಿಸಿಕೊಂಡೆ. ಅದರಲ್ಲೂ ಹಸಿ ಮೇವನ್ನು ಗಾಳಿಯಾಡದಂತೆ ಮುಚ್ಚಿಟ್ಟು ಹುಳಿಬರಿಸಿ ಬೇಸಗೆಗೆ ಉಳಿಸಿಕೊಳ್ಳುವ ರಸಮೇವಿನ ಕಥೆ. ಸೈಲೇಜ್ ಎಂದರೆ ಈಗ ನಮ್ಮ ಊರಿನ ಡೈರಿಯ ಮುಂದೆ ನಿಂತವರಿಗೆಲ್ಲ ಗೊತ್ತಾಗುತ್ತದೆ. ಹತ್ತು ವರ್ಷದ ಹಿಂದೆ ಗೊತ್ತಾಗುತ್ತಿರಲಿಲ್ಲ.

ಶಾಲೆಗೂ ಮೇವಿಗೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಶಾಲೆ ಶುರುವಾದದ್ದು 1975ರಲ್ಲಿ. ಅದೇ ಹೊತ್ತಿಗೆ, 1974–75ರಲ್ಲಿ, ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಹೈನುಗಾರಿಕೆಯ ದೊಡ್ಡ ಯೋಜನೆ ಆರಂಭವಾಯಿತು. ಅದೇ ಮುಂದೆ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಗಿ ನಂದಿನಿಯ ಹೆಸರಲ್ಲಿ ಮನೆಮನೆಗೆ ಬಂತು. ಮಣ್ಣಿನ ಗೋಡೆಯ ಎರಡು ಕೊಠಡಿಯಲ್ಲಿದ್ದ ಶಾಲೆ ಮತ್ತು ಊರಿನ ಹಾಲಿನ ಸಂಘ ಹೆಚ್ಚುಕಡಿಮೆ ಜೊತೆಯಲ್ಲೇ ಬೆಳೆದವು. ನನ್ನ ಓರಗೆಯವರಲ್ಲಿ ಎಷ್ಟು ಜನರ ಪರೀಕ್ಷೆ ಶುಲ್ಕ, ನೋಟ್‌ಬುಕ್, ಬಸ್ ಪಾಸಿನ ದುಡ್ಡು ಡೈರಿ ಬಟವಾಡೆಯಿಂದ ಬಂದದ್ದು ಎಂದು ಲೆಕ್ಕ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಕೈಗಳು ಏಳುತ್ತವೆ. ನನ್ನ ಬಿ.ಇ.ಯ ಹಾಸ್ಟೆಲ್ ಖರ್ಚನ್ನು ಒಂದು ಸೀಮೆ ಹಸುವೂ ಅದರ ಮಗಳೂ ಸೇರಿ ನಡೆಸಿದವು. ಅವ್ವ ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯದಿದ್ದರೆ ನಾನು ಇವತ್ತು ಕಂಪ್ಯೂಟರ್ ಮುಂದೆ ಕೂರುತ್ತಿರಲಿಲ್ಲ. ಹಸುವಿಗೆ ಮೇವು ತಪ್ಪಿದರೆ ಮನೆಯಲ್ಲಿ ಏನೇನು ತಪ್ಪುತ್ತದೆ ಎಂಬುದು ಈ ಸಂಚಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಥೆಯನ್ನು ನೆಲದೊಳಗಿನಿಂದಲೇ ಶುರುಮಾಡಬೇಕು. ಸೈಲೇಜ್ ಎಂಬ ಪದದಲ್ಲಿರುವ 'ಸೈಲೋ' ಸ್ಪೇನ್ ದೇಶದ ಮಾತು. ಧಾನ್ಯವನ್ನು ಹೂಳಿಡುವ ಗುಂಡಿ ಎಂದು ಅದರ ಅರ್ಥ. ಅದಕ್ಕೂ ಹಿಂದೆ ಗ್ರೀಕರ 'ಸಿರೋಸ್' ಇತ್ತೆಂದು ಭಾಷೆ ಬಲ್ಲವರು ಹೇಳುತ್ತಾರೆ, ಅದರ ಅರ್ಥವೂ ಧಾನ್ಯದ ಗುಂಡಿಯೇ. ಇದನ್ನು ಓದಿದಾಗ ನನಗೆ ತಟ್ಟನೆ ಹೊಳೆದದ್ದು ನಮ್ಮ ಹಗೇವು. ಈಗಿನ ಮಕ್ಕಳು ಹಗೇವನ್ನು ನೋಡಿರಲಾರರು. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ, ಹೂಜಿಯನ್ನು ನೆಲದಲ್ಲಿ ಹೂತಂತೆ. ತಳಕ್ಕೂ ಪಕ್ಕಕ್ಕೂ ಒಣ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿ ಸುರಿದು, ಮೇಲೆ ಕಲ್ಲು ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ರಾಗಿಗೆ ಹುಳ ಬೀಳುತ್ತಿರಲಿಲ್ಲ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯ ಮೇಲೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ರಾಗಿ ಗುಂಡಿಗಳನ್ನು ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟಿದ್ದಾನೆ. ಆ ಪುಸ್ತಕ 1807ರಲ್ಲಿ ಅಚ್ಚಾಯಿತು.

ಹಗೇವಿಗೆ ಇಳಿಯುವುದಕ್ಕೂ ಒಂದು ಶಿಸ್ತು ಇತ್ತು. ಚಪ್ಪಡಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಅರ್ಧ ದಿನ ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಟ್ಟಿದ ದೀಪ ಇಳಿಬಿಟ್ಟು, ದೀಪ ಆರಲಿಲ್ಲವೆಂದರೆ ಮಾತ್ರ ಆಳು ಇಳಿಯಬೇಕು. ಮುಚ್ಚಿದ ಗುಂಡಿಯಲ್ಲಿ ಕಾಳು ತಾನೇ ಉಸಿರಾಡಿ ಆಮ್ಲಜನಕವನ್ನು ತಿಂದು ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಬದುಕಲಾರದ ಗಾಳಿಯಲ್ಲಿ ಮನುಷ್ಯನೂ ಬದುಕಲಾರ. ನಮ್ಮ ಅಜ್ಜನಿಗೆ ಆಮ್ಲಜನಕ ಎಂಬ ಹೆಸರು ಗೊತ್ತಿರಲಿಲ್ಲ. ದೀಪ ಗೊತ್ತಿತ್ತು, ಅಷ್ಟು ಸಾಕಾಗಿತ್ತು.

ಹಾಗಾದರೆ ಒಂದು ಪ್ರಶ್ನೆ ಏಳುತ್ತದೆ. ಗಾಳಿ ಮುಚ್ಚಿದರೆ ಕಾಳು ಕೆಡದು ಎಂದು ತಿಳಿದಿದ್ದ ಜನ ಅದೇ ಗುಂಡಿಗೆ ಹಸಿ ಮೇವನ್ನೇಕೆ ಹಾಕಲಿಲ್ಲ? ನನಗೆ ತೋಚುವ ಉತ್ತರ ಇಷ್ಟು. ಆಗಿನ ದನ ಉಳುಮೆಯ ದನ, ಹಾಲಿನ ದನವಲ್ಲ. ಹಳ್ಳಿಕಾರ್ ಎತ್ತಿಗೆ ರಾಗಿ ಹುಲ್ಲು, ಹುರುಳಿ, ಹೊಲದ ಬದುವಿನ ಹುಲ್ಲು ಸಾಕು. ಮೇಯಲು ಗೋಮಾಳವಿತ್ತು. ನಮ್ಮ ಶಾಲೆಯ ಆಟದ ಮೈದಾನವೂ ಒಂದು ಕಾಲಕ್ಕೆ ಬೆಳಗ್ಗೆ ಊರ ದನ ಕೂಡುತ್ತಿದ್ದ ಜಾಗವೇ ಎಂದು ಹಿರಿಯರು ಹೇಳುತ್ತಾರೆ. ಅರಮನೆಯ ದನಗಳ ವ್ಯವಸ್ಥೆಯಂತೂ ಇನ್ನೂ ದೊಡ್ಡದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅದಕ್ಕೆ ಸೇರಿದ ಕಾವಲುಗಳಲ್ಲಿ ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂದು ಬೇರೆ ಬೇರೆ ಇದ್ದವು. ಕೆರೆಯ ಅಂಗಳವೂ ತಂಪಿನ ಜಾಗಗಳೂ ಬೇಸಗೆಗೆ ಮೀಸಲು. ಅಂದರೆ ಮೇವನ್ನು ಹೂತಿಟ್ಟು ಕಾಯುವ ಬದಲು ದನವನ್ನೇ ಮೇವು ಇರುವಲ್ಲಿಗೆ ನಡೆಸುತ್ತಿದ್ದರು. ನೆಲ ಧಾರಾಳವಾಗಿದ್ದಾಗ ಅದೇ ಜಾಣತನ. ಕಾವಲು ಕರಗಿ, ಗೋಮಾಳದಲ್ಲಿ ಸೈಟು ಎದ್ದ ಮೇಲೆ ಆ ಜಾಣತನಕ್ಕೆ ಕಾಲಿಡಲು ಜಾಗವಿಲ್ಲ.

ಆ ವ್ಯವಸ್ಥೆಯೂ ಕೈಕೊಟ್ಟ ವರ್ಷಗಳಿದ್ದವು. 1876–78ರ ಬರವನ್ನು ನಮ್ಮ ಕಡೆ ಧಾತು-ಈಶ್ವರದ ಬರ ಎನ್ನುತ್ತಾರೆ, ಆ ಎರಡು ಸಂವತ್ಸರಗಳ ಹೆಸರಿನಿಂದ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿಯಿತು. ಮನುಷ್ಯರೇ ಹೀಗೆ ಹೋದ ಮೇಲೆ ದನಗಳ ಪಾಡು ಹೇಳುವುದೇ ಬೇಡ. ಉಳುವ ಎತ್ತಿಲ್ಲದೆ, ಮಳೆ ಬಂದ ಮೇಲೂ ಹೊಲ ಬೀಳು ಬಿದ್ದ ಕಥೆ ಅಜ್ಜಿಯರ ಬಾಯಲ್ಲಿ ಬಹಳ ಕಾಲ ಉಳಿದಿತ್ತು.

ಇಲ್ಲಿ ಇತಿಹಾಸ ಒಂದು ವಿಚಿತ್ರ ಜೋಡಿ ತೋರಿಸುತ್ತದೆ. ನಮ್ಮಲ್ಲಿ ಬರದ ನಡುವರ್ಷವಾದ 1877ರಲ್ಲೇ ಫ್ರಾನ್ಸಿನಲ್ಲಿ ಒಂದು ಪುಸ್ತಕ ಅಚ್ಚಾಯಿತು. ಬರೆದವನು ಸೊಲೋನ್ ಎಂಬ ಬಡ ಮರಳುನೆಲದ ಸೀಮೆಯ ಜಮೀನುದಾರ ಆಗುಸ್ಟ್ ಗೋಫಾರ್. ವಿಷಯ, ಮುಸುಕಿನ ಜೋಳವನ್ನು ಹಸಿಯಾಗಿಯೇ ಗುಂಡಿಯಲ್ಲಿ ಉಳಿಸುವ ಕ್ರಮ. ಅವನು 1850ರ ದಶಕದಿಂದಲೇ ಇದರ ಹಿಂದೆ ಬಿದ್ದಿದ್ದ. ಜರ್ಮನಿಯ ಸ್ಟುಟ್‌ಗಾರ್ಟಿನ ಬಳಿ ಸಕ್ಕರೆ ಕಾರ್ಖಾನೆಯ ಒಡೆಯ ಅಡಾಲ್ಫ್ ರೈಲೆನ್ ಕೂಡ 1860ರ ದಶಕದಲ್ಲಿ ಜೋಳವನ್ನು ಗುಂಡಿಯಲ್ಲಿ ಹೂತು ನೋಡಿದ್ದ. ಆದರೆ ಸಣ್ಣಗೆ ಕತ್ತರಿಸು, ತುಳಿದು ಗಟ್ಟಿಮಾಡು, ಮೇಲೆ ಭಾರ ಹೇರು, ಗಾಳಿ ಬಿಡಬೇಡ ಎಂದು ಹಂತಹಂತವಾಗಿ ಬರೆದು ಊರೂರಿಗೆ ಹಬ್ಬಿಸಿದವನು ಗೋಫಾರ್. ಎರಡೇ ವರ್ಷಕ್ಕೆ, 1879ರಲ್ಲಿ, ಅದು ನ್ಯೂಯಾರ್ಕಿನಲ್ಲಿ ಇಂಗ್ಲಿಷಿಗೆ ಬಂತು. 1880ರಲ್ಲಿ ಮೆಸಾಚುಸೆಟ್ಸ್‌ನ ಜಾನ್ ಬೈಲಿ ಎಂಬ ವೈದ್ಯ ಇದರ ಮೇಲೆ ತನ್ನದೇ ಪುಸ್ತಕ ಬರೆದ.

ಅಮೆರಿಕದವರು ಗುಂಡಿಯನ್ನು ಮೇಲಕ್ಕೆ ಎಬ್ಬಿಸಿ ಗೋಪುರ ಮಾಡಿದರು. 1873ರಲ್ಲಿ ಇಲಿನಾಯ್ಸ್ ರಾಜ್ಯದ ಸ್ಪ್ರಿಂಗ್ ಗ್ರೋವ್‌ನಲ್ಲಿ ಫ್ರೆಡ್ ಹ್ಯಾಚ್ ಕಟ್ಟಿದ್ದೇ ಅಲ್ಲಿನ ಮೊದಲ ನಿಂತ ಸೈಲೋ ಎನ್ನುತ್ತಾರೆ. ಮೊದಮೊದಲ ಗೋಪುರಗಳು ಚೌಕವಾಗಿದ್ದವು, ಮೂಲೆಗಳಲ್ಲಿ ಮೇವು ಸರಿಯಾಗಿ ಅದುಮಿಕೊಳ್ಳದೆ ಗಾಳಿ ನಿಂತು ಬೂಷ್ಟು ಬರುತ್ತಿತ್ತು. ವಿಸ್ಕಾನ್ಸಿನ್ನಿನ ಪ್ರಾಧ್ಯಾಪಕ ಎಫ್.ಎಚ್. ಕಿಂಗ್ ದುಂಡಗೆ ಕಟ್ಟಿ ಎಂದರು. ಸಿನಿಮಾಗಳಲ್ಲಿ ಅಮೆರಿಕದ ಹೊಲಗಳ ನಡುವೆ ಕಾಣುವ ದುಂಡು ಗೋಪುರಗಳು ಹೀಗೆ ಬಂದವು. ಮೂಲೆ ಇಲ್ಲದ ಪಾತ್ರೆ ಎಂಬ ಈ ಪಾಠವನ್ನು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ಡ್ರಮ್ಮಿಗೆ ಬೇಕಾಗುತ್ತದೆ.

ಒಳಗೆ ನಡೆಯುವುದೇನು ಎಂಬುದು ನಮಗೆ ಹೊಸದಲ್ಲ. ದೋಸೆ ಹಿಟ್ಟು ರಾತ್ರಿಯಲ್ಲಿ ಹುಳಿಯಾಗುವುದು, ಹಾಲು ಹೆಪ್ಪಾಗುವುದು ಯಾವ ಜಾತಿಯ ಸೂಕ್ಷ್ಮಜೀವಿಗಳಿಂದಲೋ ಅದೇ ಬಳಗದವು ಮೇವಿನ ಎಲೆಯ ಮೇಲೂ ಇವೆ. ಕತ್ತರಿಸಿದ ಮೇವು ಮೊದಲ ಕೆಲವು ಗಂಟೆ ಉಸಿರಾಡಿ ಒಳಗಿನ ಗಾಳಿಯನ್ನು ಮುಗಿಸುತ್ತದೆ. ಆಮೇಲೆ ಲ್ಯಾಕ್ಟಿಕ್ ಆಮ್ಲ ಮಾಡುವ ಜೀವಿಗಳು ಮೇವಿನ ಸಿಹಿಯನ್ನು ತಿಂದು ಹುಳಿ ಬಿಡುತ್ತವೆ. ಹುಳಿ ಒಂದು ಮಟ್ಟಕ್ಕೆ ಏರಿದ ಮೇಲೆ ಕೊಳೆಸುವ ಜೀವಿಗಳಿಗೂ ಜಾಗವಿಲ್ಲ, ಕೊನೆಗೆ ಹುಳಿ ಮಾಡಿದ ಜೀವಿಗಳೂ ಸುಮ್ಮನಾಗುತ್ತವೆ. ಆಗ ಆ ಮೇವಿನ ಪಿ.ಎಚ್. 4ರ ಆಸುಪಾಸು ಇರುತ್ತದೆ. ನೀರು ಜಾಸ್ತಿಯಾಗಿ, ಸಿಹಿ ಕಡಿಮೆಯಾಗಿ, ಮಣ್ಣು ಸೇರಿಕೊಂಡರೆ ಬೇರೆ ಜೀವಿಗಳು ಗೆದ್ದು ಬ್ಯೂಟಿರಿಕ್ ಆಮ್ಲ ಹುಟ್ಟುತ್ತದೆ. ಅದರ ವಾಸನೆ ಹಳಸಿದ ಬೆಣ್ಣೆಯದು. ಕೊಟ್ಟಿಗೆಗೆ ಹೊಕ್ಕರೆ ಮೂಗೇ ಹೇಳಿಬಿಡುತ್ತದೆ.

ಈ ಹುಳಿಯ ಲೆಕ್ಕವನ್ನು ಹಿಡಿದು ನೊಬೆಲ್ ಪಡೆದವರೂ ಒಬ್ಬರಿದ್ದಾರೆ. ಫಿನ್ಲೆಂಡಿನ ರಸಾಯನ ವಿಜ್ಞಾನಿ ಆರ್ಟುರಿ ಇಲ್ಮಾರಿ ವಿರ್ತನೆನ್. ಅವರು ಕೆಲಸ ಮಾಡಿದ್ದು ವಾಲಿಯೋ ಎಂಬ ಹಾಲು ಸಹಕಾರ ಸಂಸ್ಥೆಯ ಪ್ರಯೋಗಾಲಯದಲ್ಲಿ. ನಮ್ಮ ಹಾಲು ಒಕ್ಕೂಟದ ಲ್ಯಾಬಿನಿಂದ ಒಬ್ಬರು ನೊಬೆಲ್ ತಂದರು ಎಂದು ಊಹಿಸಿಕೊಳ್ಳಿ, ಹಾಗೆ. ಅವರ ನಾಡಿನಲ್ಲಿ ಚಳಿಗಾಲ ದೀರ್ಘ, ಆಗ ದನ ಕೊಟ್ಟಿಗೆಯಲ್ಲೇ. ಮೇವು ತಾನಾಗಿ ಹುಳಿಯಾಗುವವರೆಗೆ ಕಾಯುವುದೇಕೆ, ಮೊದಲೇ ಅಳತೆಯಲ್ಲಿ ಆಮ್ಲ ಬೆರೆಸಿ ಪಿ.ಎಚ್. 4ಕ್ಕಿಂತ ಕೆಳಗಿಳಿಸಿಬಿಟ್ಟರೆ ಸಸಾರಜನಕವೂ ಜೀವಸತ್ವವೂ ಉಳಿಯುತ್ತವೆ ಎಂದು ತೋರಿಸಿದರು. ಅವರ ಹೆಸರಿನ ಮೊದಲ ಅಕ್ಷರಗಳಿಂದಲೇ ಅದಕ್ಕೆ ಎ.ಐ.ವಿ. ಮೇವು ಎಂದು ಹೆಸರು. 1945ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಮಾತಿನಲ್ಲೇ ಮೇವು ಸಂರಕ್ಷಣೆಯ ವಿಧಾನ ಎಂದು ಸ್ಪಷ್ಟವಾಗಿ ನಮೂದಾಗಿದೆ. ವಿಜ್ಞಾನ ಪಾಠದಲ್ಲಿ ಲಿಟ್ಮಸ್ ಕಾಗದ ಕೆಂಪಾದದ್ದನ್ನು ನೋಡಿ ಇದರಿಂದ ಏನು ಪ್ರಯೋಜನ ಎಂದು ಪಿಸುಗುಟ್ಟಿದ ಹಿಂದಿನ ಬೆಂಚಿನ ಗೆಳೆಯರಿಗೆ ಈ ಪ್ಯಾರಾ ಅರ್ಪಣೆ.

ಭಾರತಕ್ಕೆ ಈ ವಿದ್ಯೆ ಬಂದದ್ದು ತಡವಾಗಿ ಏನಲ್ಲ. 1880ರ ದಶಕದಲ್ಲೇ ಬ್ರಿಟಿಷ್ ಅಧಿಕಾರಿಗಳು ಇಲ್ಲಿ ಹುಲ್ಲನ್ನು ಗುಂಡಿಯಲ್ಲಿ ಹೂಳಿ ಪ್ರಯೋಗ ಮಾಡಿದ್ದರು. ಸೇನೆಯ ಕುದುರೆ, ದನಗಳಿಗೆ ಮೇವು ಬೇಕಿತ್ತು. 1923ರಲ್ಲಿ ಬೆಂಗಳೂರಿನಲ್ಲೇ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟಕ್ಕೂ ಬೆಂಗಳೂರಿಗೂ ಬಂದಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಹಸು ಸಾಕಣೆಯ ಪಾಠ ಹೇಳಿಸಿಕೊಂಡರು. ಆಡುಗೋಡಿಯಲ್ಲಿ ಈಗಲೂ ಆ ಸಂಸ್ಥೆ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಾಗಿ ಇದೆ. ನಾನು ಕೆಲಸಕ್ಕೆ ಹೋಗುವ ಬಸ್ಸು ಅದರ ಮುಂದೆಯೇ ಹಾದುಹೋಗುತ್ತದೆ. 1962ರಲ್ಲಿ ಝಾನ್ಸಿಯಲ್ಲಿ ಹುಲ್ಲುಗಾವಲು ಮತ್ತು ಮೇವಿನ ಸಂಶೋಧನೆಗೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಬಂತು, ಅದರ ಒಂದು ಕೇಂದ್ರ ಧಾರವಾಡದಲ್ಲಿದೆ.

ಇಷ್ಟೆಲ್ಲ ಇದ್ದೂ ನಮ್ಮ ಊರಿನ ಕೊಟ್ಟಿಗೆಗೆ ರಸಮೇವು ತಲುಪಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ರೈತರಿಗೆ ತಿಳಿವಳಿಕೆ ಇಲ್ಲ ಎಂದು ಭಾಷಣಗಳಲ್ಲಿ ಹೇಳುವುದುಂಟು. ಆ ಮಾತನ್ನು ನಾನು ಒಪ್ಪುವುದಿಲ್ಲ. ಕಾರಣ ಲೆಕ್ಕದಲ್ಲಿದೆ.

ಗುಂಡಿಯನ್ನು ಒಮ್ಮೆ ತೆರೆದರೆ ಗಾಳಿ ತಾಗಿದ ಮುಖ ಕೆಡಲು ಶುರುವಾಗುತ್ತದೆ. ಕೆಡುವುದಕ್ಕಿಂತ ಮುಂಚೆ ತಿನ್ನಿಸಿ ಮುಗಿಸಬೇಕಾದರೆ ದಿನಕ್ಕೆ ಕನಿಷ್ಠ 10 ಸೆಂ.ಮೀ. ದಪ್ಪದ ಪದರವನ್ನಾದರೂ ತೆಗೆಯುತ್ತಿರಬೇಕು. ಪುಸ್ತಕಗಳಲ್ಲಿ ಬರುವ ಸಣ್ಣ ಗುಂಡಿ ಎಂದರೂ 1.5 ಮೀಟರ್ ಅಗಲ, 1.2 ಮೀಟರ್ ಆಳ. ಅದರ ಮುಖ 1.8 ಚದರ ಮೀಟರ್. ಚೆನ್ನಾಗಿ ತುಳಿದ ಮೇವು ಘನ ಮೀಟರಿಗೆ 550 ಕೆ.ಜಿ. ಎಂದು ಹಿಡಿದರೆ ದಿನಕ್ಕೆ ಸುಮಾರು 100 ಕೆ.ಜಿ. ತೆಗೆಯಬೇಕು. ಎರಡು ಹಸುವಿಗೆ ತಲಾ 15 ಕೆ.ಜಿ. ಕೊಟ್ಟರೂ ಬೇಕಾಗುವುದು 30. ಉಳಿದದ್ದು ತಿಪ್ಪೆಗೆ. ಆರೇಳು ಹಸು ಇದ್ದವರಿಗೆ ಮಾತ್ರ ಆ ಗುಂಡಿ ಹೊಂದುತ್ತದೆ. ಗೋಫಾರನ ಪುಸ್ತಕ ಜಮೀನುದಾರರಿಗೆ, ಅಮೆರಿಕದ ಗೋಪುರ ಹತ್ತಾರು ಹಸುವಿನವರಿಗೆ, ಮಿಲಿಟರಿ ಫಾರ್ಮು ನೂರಾರು ದನಕ್ಕೆ. ಒಂದೂವರೆ ಎಕರೆ ತೋಟ, ಎರಡು ಸೀಮೆ ಹಸು, ಒಂದು ಪಡ್ಡೆಯ ನಮ್ಮಂಥ ಮನೆ ಯಾರ ಲೆಕ್ಕದಲ್ಲೂ ಇರಲಿಲ್ಲ.

ಅದನ್ನು ಬದಲಿಸಿದ್ದು ಪ್ಲಾಸ್ಟಿಕ್ ಮತ್ತು ಸಣ್ಣ ಮೋಟಾರು. ಪಾಲಿಥೀನ್ 1933ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಾಲಯದಲ್ಲಿ ಅಕಸ್ಮಾತ್ತಾಗಿ ಹುಟ್ಟಿತು. ಎರಡನೆಯ ಮಹಾಯುದ್ಧದ ನಂತರ ಅದರ ಹಾಳೆ ರೈತರ ಕೈಗೆ ಬಂತು. ಕಲ್ಲು, ಮಣ್ಣು, ಗಾರೆಯಿಂದ ಮಾಡುತ್ತಿದ್ದ ಕೆಲಸವನ್ನು ಒಂದು ಕಪ್ಪು ಹಾಳೆ ಮಾಡತೊಡಗಿತು. ಜೊತೆಗೆ ಮೇವು ಕತ್ತರಿಸುವ ಯಂತ್ರ. ನಾನು ಹೈಸ್ಕೂಲಿನಲ್ಲಿದ್ದಾಗ ಊರಲ್ಲಿ ಅಂಥದ್ದು ಒಂದೂ ಇರಲಿಲ್ಲ, ಕುಡುಗೋಲಿನಲ್ಲಿ ಕೊಚ್ಚುತ್ತಿದ್ದೆವು. ಈಗ ಮೂರು ಮನೆಗೆ ಒಂದರಂತೆ ಇದೆ. ಮನೆಯ ಕರೆಂಟಿನಲ್ಲೇ ಓಡುವ ಯಂತ್ರಕ್ಕೆ ಒಂದು ಡ್ರಮ್ಮಿನ ಮೇವು ಎಂದರೆ ಅರ್ಧ ಗಂಟೆಯ ಕೆಲಸ.

ಈಗ ಅದೇ ಲೆಕ್ಕವನ್ನು 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ. ಅಡ್ಡಳತೆ ಸುಮಾರು 57 ಸೆಂ.ಮೀ., ಮುಖ ಕಾಲು ಚದರ ಮೀಟರ್. 10 ಸೆಂ.ಮೀ. ಪದರ ಎಂದರೆ 14 ಕೆ.ಜಿ. ಎರಡು ಹಸುವಿನ ಮನೆ ದಿನಕ್ಕೆ 30 ಕೆ.ಜಿ. ತೆಗೆದರೆ 20 ಸೆಂ.ಮೀ. ಇಳಿಯುತ್ತದೆ, ನಾಲ್ಕನೇ ದಿನಕ್ಕೆ ಡ್ರಮ್ಮು ಖಾಲಿ. ಕೆಡಲು ಸಮಯವೇ ಸಿಗುವುದಿಲ್ಲ. ಕಿಂಗ್ ಮೇಷ್ಟ್ರು ಹೇಳಿದಂತೆ ಮೂಲೆಯೂ ಇಲ್ಲ. ನಾವು ಸಾಫ್ಟ್‌ವೇರಿನಲ್ಲೂ ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡುತ್ತೇವೆ, ಒಂದು ಕೆಟ್ಟರೆ ಉಳಿದವು ಉಳಿಯಲಿ ಎಂದು. ಒಂದು ಡ್ರಮ್ಮಿನ ಮುಚ್ಚಳ ಸಡಿಲವಾದರೆ 110 ಕೆ.ಜಿ. ಹೋಗುತ್ತದೆ, ಗುಂಡಿಗೆ ಇಲಿ ತೂತು ಕೊರೆದರೆ ಟನ್ನುಗಟ್ಟಲೆ ಹೋಗುತ್ತದೆ.

ನಮ್ಮ ಮನೆಗೆ ಇದು ಬಂದದ್ದು ಒಂದು ನೋವಿನ ನಂತರ. 2016–17ರ ಬರದ ಬೇಸಗೆಯಲ್ಲಿ ರಾಗಿ ಹುಲ್ಲಿನ ಮೆದೆ ಫೆಬ್ರವರಿಗೇ ಮುಗಿದುಹೋಯಿತು. ಸರ್ಕಾರ ಗೋಶಾಲೆ, ಮೇವು ಬ್ಯಾಂಕು ತೆರೆದಿತ್ತು ನಿಜ. ಆದರೆ ಹಾಲು ಕೊಡುವ ಹಸುವನ್ನು ಗೋಶಾಲೆಗೆ ಹೊಡೆದರೆ ಹಾಲು ಕರೆಯುವವರು ಯಾರು? ಸಿಕ್ಕಿದ ಹುಲ್ಲಿನ ಬೆಲೆಯಲ್ಲಿ ಹಾಲು ಹಾಕಿ ಗಿಟ್ಟುತ್ತಿರಲಿಲ್ಲ. ಎರಡನೇ ಕರುವಿನ ಹಸುವೊಂದನ್ನು ಅಪ್ಪ ಸಂತೆಗೆ ಹೊಡೆದುಕೊಂಡು ಹೋದರು. ಆ ಬೇಸಗೆ ಎಲ್ಲರೂ ಮಾರುವವರೇ, ಕೊಳ್ಳುವವರಿಲ್ಲ. ಬೆಲೆ ಎಷ್ಟು ಬಂತೆಂದು ಅಪ್ಪ ಅವ್ವನಿಗೆ ಇವತ್ತಿಗೂ ಸರಿಯಾಗಿ ಹೇಳಿಲ್ಲ. ಮುಂದಿನ ಮಳೆಗಾಲದಲ್ಲಿ ಬದುವಿನ ತುಂಬ ಹುಲ್ಲು, ಕೊಟ್ಟಿಗೆಯಲ್ಲಿ ಒಂದು ಗೂಟ ಖಾಲಿ. ಮೇವು ಇದ್ದಾಗ ಹಸು ಇಲ್ಲ, ಹಸು ಇದ್ದಾಗ ಮೇವು ಇಲ್ಲ ಎಂದು ಅವ್ವ ಅಂದಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ವರ್ಷ ದಸರಾ ರಜೆಗೆ ಬಂದವನು ಎರಡು ಡ್ರಮ್ಮು ಹೊತ್ತು ತಂದೆ.

ಡ್ರಮ್ಮಿನ ವಿಷಯದಲ್ಲಿ ಒಂದು ಎಚ್ಚರ. ಹಣ್ಣಿನ ರಸ, ಅಡುಗೆ ಎಣ್ಣೆ ಬಂದ ಡ್ರಮ್ಮಾಗಿರಬೇಕು. ಅಗ್ಗಕ್ಕೆ ಸಿಗುತ್ತದೆಂದು ಔಷಧಿ, ಆಸಿಡ್, ಬಣ್ಣ ತುಂಬಿದ್ದನ್ನು ತರಬಾರದು, ಎಷ್ಟು ತೊಳೆದರೂ ಅಷ್ಟೆ. ಅಂಗಡಿಯವರು ಏನೂ ಆಗಲ್ಲ ಅಂತಾರೆ. ಮೂಸಿ ನೋಡಿ, ಒಳಗಿನ ಚೀಟಿ ನೋಡಿ.

ಮುಸುಕಿನ ಜೋಳವೇ ಇದಕ್ಕೆ ಒಳ್ಳೆಯದು. ತೆನೆಯ ಕಾಳನ್ನು ಉಗುರಿನಿಂದ ಒತ್ತಿದರೆ ಹಾಲು ಗಟ್ಟಿಯಾಗಿ ಹಿಟ್ಟಿನಂತಾಗುತ್ತಿರಬೇಕು, ಆಗ ತೆನೆ ಸಮೇತ ಕೊಯ್ಯಬೇಕು. ಎಳೆಯದಾದರೆ ನೀರು ಜಾಸ್ತಿ, ಬಲಿತರೆ ದಂಟು ಒಣಗಿ ಗಾಳಿ ಹಿಡಿದುಕೊಳ್ಳುತ್ತದೆ. ತುಂಡು 2–3 ಸೆಂ.ಮೀ. ಇರಲಿ. ನೂರು ಕೆ.ಜಿ. ಮೇವಿನಲ್ಲಿ 65ರಿಂದ 70 ಕೆ.ಜಿ. ನೀರಿನ ಅಂಶ ಇದ್ದರೆ ಹದ. ಅಳೆಯಲು ಯಂತ್ರ ಬೇಡ. ಕತ್ತರಿಸಿದ್ದನ್ನು ಮುಷ್ಟಿಯಲ್ಲಿ ಒಂದು ನಿಮಿಷ ಬಿಗಿಯಾಗಿ ಹಿಂಡಿ ಬಿಡಿ. ಬೆರಳ ಸಂದಿಯಲ್ಲಿ ರಸ ತೊಟ್ಟಿಕ್ಕಿದರೆ ಇನ್ನೂ ಬಾಡಿಸಬೇಕು. ಉಂಡೆ ನಿಧಾನ ಬಿಚ್ಚಿಕೊಂಡು ಅಂಗೈ ತೇವವಾಗಿದ್ದರೆ ತುಂಬಬಹುದು. ಪುಡಿಪುಡಿಯಾಗಿ ಉದುರಿದರೆ ಒಣಗಿಹೋಗಿದೆ. ಅವ್ವ ಇದನ್ನು ಒಂದೇ ಸಲಕ್ಕೆ ಕಲಿತರು, ರಾಗಿ ಮುದ್ದೆ ಕಟ್ಟುವ ಕೈಗೆ ಹದ ಹೇಳಿಕೊಡಬೇಕೆ?

ತೆನೆ ಇರುವ ಜೋಳಕ್ಕೆ ಬೇರೆ ಸಿಹಿ ಬೇಕಿಲ್ಲ. ತೆಂಗಿನ ಸಾಲಿನ ಮಧ್ಯೆ ಬೆಳೆದ ನೇಪಿಯರ್ ಹುಲ್ಲಾದರೆ ಅರ್ಧ ದಿನ ನೆರಳಲ್ಲಿ ಬಾಡಿಸಿ, ನೂರು ಕೆ.ಜಿ.ಗೆ ಒಂದೆರಡು ಕೆ.ಜಿ. ಬೆಲ್ಲವನ್ನು ಸ್ವಲ್ಪವೇ ನೀರಲ್ಲಿ ಕರಗಿಸಿ ಚಿಮುಕಿಸುತ್ತೇವೆ. ಆಲೆಮನೆಯ ಕಪ್ಪು ಬೆಲ್ಲ ಸಾಕು. ಅಲಸಂದೆ ಬಳ್ಳಿ ಇದ್ದರೆ ಮೂರು ಪಾಲು ಜೋಳಕ್ಕೆ ಒಂದು ಪಾಲು ಬೆರೆಸಿದರೆ ಸಸಾರಜನಕ ಹೆಚ್ಚುತ್ತದೆ, ಬರೀ ಅಲಸಂದೆ ಸರಿಯಾಗಿ ಹುಳಿಯಾಗದು. ಅರ್ಧ ಅಡಿಯಷ್ಟು ಹಾಕುವುದು, ಒಳಗಿಳಿದು ತುಳಿಯುವುದು, ಮತ್ತೆ ಹಾಕುವುದು. ಅಂಚಿನಲ್ಲಿ ಒನಕೆಯಿಂದ ಜಡಿಯಬೇಕು. ತುಂಬುವ ಕೆಲಸ ಒಂದೇ ದಿನ ಮುಗಿಯಬೇಕು. ಬಾಯಿಮಟ್ಟ ತುಂಬಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮುಚ್ಚಳ ಹಾಕಿ, ಕಬ್ಬಿಣದ ಬಳೆ ಬಿಗಿದು ನೆರಳಿಗೆ ತಳ್ಳಿ, ದಿನಾಂಕ ಬರೆದು 45 ದಿನ ಮರೆತುಬಿಡಬೇಕು. ಈ ಮರೆಯುವುದೇ ಕಷ್ಟ. ನೋಡೋಣ ಹೆಂಗಾಗಿದೆ ಎಂದು ಹತ್ತನೇ ದಿನಕ್ಕೆ ತೆಗೆಯುವ ನೆಂಟರು ಎಲ್ಲ ಮನೆಯಲ್ಲೂ ಇರುತ್ತಾರೆ.

ಚೆನ್ನಾಗಿ ಆದದ್ದು ಹಳದಿ ಮಿಶ್ರಿತ ಹಸಿರು ಬಣ್ಣ, ಹುಳಿ ಮಜ್ಜಿಗೆಯಂಥ ಘಮ. ನಮ್ಮ ಮೊದಲ ಡ್ರಮ್ಮು ತೆಗೆದಾಗ ಬೆಂಗಳೂರಿನಿಂದ ತಂದಿದ್ದ ಪಿ.ಎಚ್. ಕಾಗದದಲ್ಲಿ ನೋಡಿದೆ, 4 ತೋರಿಸಿತು. ಹಸು ಕಾಗದ ನೋಡಲಿಲ್ಲ, ಮೊದಲ ದಿನ ಮೂಸಿ ಮುಖ ತಿರುಗಿಸಿತು. ಬೂಸದ ಜೊತೆ ಎರಡು ಕೆ.ಜಿ. ಬೆರೆಸಿ ಶುರುಮಾಡಿ, ವಾರದಲ್ಲಿ ಹತ್ತಕ್ಕೆ ಏರಿಸಿದೆವು. ಆಮೇಲೆ ಮುಚ್ಚಳದ ಸದ್ದಿಗೇ ಗೊಂತಿನಲ್ಲಿ ಎದ್ದು ನಿಲ್ಲುತ್ತಿತ್ತು. ಹಾಲು ಕರೆದ ಮೇಲೆ ಕೊಡಬೇಕು, ಮೊದಲೇ ಕೊಟ್ಟರೆ ಹಾಲಿಗೆ ವಾಸನೆ ಹತ್ತುತ್ತದೆ. ಬೂಷ್ಟು ಬಂದ ಭಾಗವನ್ನು, ಕಪ್ಪಾದದ್ದನ್ನು ತೆಗೆದು ಎಸೆಯಬೇಕು, ಅಯ್ಯೋ ಪಾಪ ಎಂದು ಹಾಕಬಾರದು, ಗಬ್ಬದ ಹಸುವಿಗಂತೂ ಬೇಡವೇ ಬೇಡ. ಎಳೆಗರುಗಳಿಗೆ ನಾವು ಕೊಡುವುದಿಲ್ಲ. ಇನ್ನು ದೊಡ್ಡ ಗುಂಡಿ ಮಾಡುವವರು ಅಜ್ಜನ ದೀಪವನ್ನು ಮರೆಯಬಾರದು. ತುಂಬಿದ ಮೊದಲ ದಿನಗಳಲ್ಲಿ ಇಂಗಾಲದ ಡೈಆಕ್ಸೈಡ್ ಜೊತೆಗೆ ಕೆಲವೊಮ್ಮೆ ಹಳದಿ-ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಎಂಬ ವಿಷಗಾಳಿಯೂ ಏಳುತ್ತದೆ. ದೀಪ ಅದನ್ನು ತೋರಿಸದು. ಆ ದಿನಗಳಲ್ಲಿ ಇಳಿಯದಿರುವುದೇ ಸರಿ.

ಇದನ್ನು ಓದಿ ಬರವೇ ಇನ್ನು ಹೆದರಿಸಲಾರದು ಎಂದು ಯಾರೂ ತಿಳಿಯಬಾರದು. ಧಾತು-ಈಶ್ವರದಂತೆ ಎರಡು ವರ್ಷ ಮಳೆಯೇ ಹೋದರೆ ತುಂಬಲು ಹಸಿರೇ ಇರುವುದಿಲ್ಲ. ರಸಮೇವು ಮಳೆಗಾಲದ ಹಸಿರನ್ನು ಬೇಸಗೆಗೆ ದಾಟಿಸುವ ಸಂಕ ಅಷ್ಟೆ. ಕೊಳವೆಬಾವಿಯಲ್ಲಿ ನಾಲ್ಕು ಗುಂಟೆಗೆ ಆಗುವಷ್ಟು ನೀರಾದರೂ ಬೇಕು. ಗುಂಟೆಗೆ 400 ಕೆ.ಜಿ. ಬಂದರೂ ನಾಲ್ಕು ಗುಂಟೆಗೆ 1600 ಕೆ.ಜಿ. ಎರಡು ಹಸುವಿಗೆ ತಲಾ ಹತ್ತು ಕೆ.ಜಿ.ಯಂತೆ ಬೇಸಗೆಯ ಕಠಿಣವಾದ ಅರವತ್ತು ದಿನಕ್ಕೆ 1200 ಸಾಕು, ಅಂದರೆ ಹನ್ನೊಂದು ಹನ್ನೆರಡು ಡ್ರಮ್ಮು. ಅಷ್ಟು ಡ್ರಮ್ಮಿಗೆ ದುಡ್ಡಿಲ್ಲದವರು ಒಳಗೆ ಪ್ಲಾಸ್ಟಿಕ್ ಇರುವ 50 ಕೆ.ಜಿ. ಚೀಲಗಳಲ್ಲಿ ಮಾಡಬಹುದು. ಅಗ್ಗ, ಆದರೆ ಇಲಿಯ ಕಾಟ. ರಾಗಿ ಹುಲ್ಲನ್ನು ಇದರಿಂದ ಬಿಡುವಂತಿಲ್ಲ, ಒಣ ಮೇವಿಲ್ಲದೆ ಮೆಲುಕು ಸರಿಯಾಗದು. ರಾಗಿ ಬೆಳೆಯುವುದನ್ನೇ ನಿಲ್ಲಿಸಿ ಹೊಲಕ್ಕೆಲ್ಲ ಮುಸುಕಿನ ಜೋಳ ಹಾಕುವ ಚಾಳಿ ಈಚೆಗೆ ಬರುತ್ತಿದೆ. ಅದು ನನಗೆ ಸರಿ ಕಾಣುವುದಿಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಸಾರಿತು. ನಮ್ಮದೂ ಅದರಲ್ಲಿ ಸೇರಿತ್ತು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಡ್ರಮ್ಮು ಎರಡರಿಂದ ಒಂಬತ್ತಾಗಿದ್ದವು. ಮಾರ್ಚ್ ಹದಿನೈದಕ್ಕೆ ಮೊದಲನೆಯದನ್ನು ತೆಗೆದೆವು, ಮೇ ಮೊದಲ ವಾರದಲ್ಲಿ ಕೊನೆಯದು. ಹಾಲು ಕಡಿಮೆಯಾಯಿತು, ನಿಲ್ಲಲಿಲ್ಲ. ಯಾವ ಹಸುವೂ ಸಂತೆಗೆ ಹೋಗಲಿಲ್ಲ. ಬೀದಿಯ ಕೊನೆಯ ಮನೆಯ ಚಿಕ್ಕಮ್ಮ ಬಂದು ಒಂದು ಡ್ರಮ್ಮು ಸಾಲ ಕೇಳಿದರು, ಕೊಟ್ಟೆವು. ಮುಂದಿನ ವರ್ಷ ಅವರು ತಮ್ಮದೇ ನಾಲ್ಕು ತುಂಬಿದರು, ಸಾಲದ ಡ್ರಮ್ಮನ್ನೂ ತುಂಬಿಸಿ ವಾಪಸು ಕೊಟ್ಟರು. ನಮ್ಮ ಶಾಲೆಯ ಮಕ್ಕಳು ಬೆಳಿಗ್ಗೆ ಕುಡಿಯುವ ಕ್ಷೀರಭಾಗ್ಯದ ಹಾಲು 2013ರ ಆಗಸ್ಟ್ 1ರಂದು ಶುರುವಾದದ್ದು, ನಮ್ಮ ಕಾಲಕ್ಕೆ ಇರಲಿಲ್ಲ. ಆ ಲೋಟದ ಹಾಲು ಪುಡಿಯಾಗಿ ಬಂದರೂ ಅದರ ಹಿಂದೆ ಎಲ್ಲೋ ಇಂಥದೇ ಒಂದು ಕೊಟ್ಟಿಗೆ ಇರುತ್ತದೆ.

ನಮ್ಮ ಹಗೇವು 1980ರ ದಶಕದಲ್ಲೇ ಮುಚ್ಚಿತು. ನೀರು ಜಿನುಗತೊಡಗಿತ್ತು, ಮಕ್ಕಳು ಬಿದ್ದಾರು ಎಂಬ ಭಯವೂ ಇತ್ತು. ಮಣ್ಣು ತುಂಬಿಸಿ ಚಪ್ಪಡಿಯನ್ನು ಬಚ್ಚಲಿಗೆ ಹಾಕಿದರು. ಅದಿದ್ದ ಜಾಗ ಕೊಟ್ಟಿಗೆಯ ಹಿಂದೆ, ಹಲಸಿನ ಮರದ ನೆರಳಲ್ಲಿ. ಡ್ರಮ್ಮುಗಳನ್ನು ಈಗ ಅಲ್ಲೇ ಸಾಲಾಗಿ ಇಟ್ಟಿದ್ದೇವೆ. ಈ ವರ್ಷ ಜುಲೈ ಕೊನೆಯಲ್ಲಿ ಬಿತ್ತಿದ ಜೋಳ ಅಕ್ಟೋಬರ್ ಮಧ್ಯಕ್ಕೆ ಹದಕ್ಕೆ ಬರುತ್ತದೆ. ಆ ತಿಂಗಳ ಮೂರನೇ ಭಾನುವಾರ ನಾನು ಊರಲ್ಲಿರುತ್ತೇನೆ, ಬೆಳಿಗ್ಗೆ ಏಳಕ್ಕೆ ಯಂತ್ರ ಶುರುಮಾಡುತ್ತೇವೆ. ನೋಡಬೇಕೆನ್ನುವವರು ಬನ್ನಿ, ಒಂದು ಕುಡುಗೋಲು ತಂದರೆ ಒಳ್ಳೆಯದು.